ಇಂಗ್ಲೆಂಡಿನಲ್ಲಿ ನಾನು ಚಿವುಟಿದ ಎಲೆಗಳು

ಕೊಪ್ಪ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಅರಮನೆಯ ವಿಷಯ. ನಾನು ಅರಮನೆ ನೋಡಲಿಲ್ಲ. ಲಂಡನ್ನಿನಲ್ಲಿ ವಿಮಾನ ಇಳಿದದ್ದಷ್ಟೇ, ಊರು ಹೇಗಿದೆ ಎಂದು ಕಣ್ಣೆತ್ತಿ ನೋಡುವಷ್ಟರಲ್ಲಿ ಬೇರೆ ಬಸ್ಸು ಹತ್ತಿಯಾಗಿತ್ತು. ಹೆಚ್ಚು ಹೊತ್ತು ನಾನು ನೋಡಿದ್ದು ಒಂದು ಗಾಜಿನಮನೆ, ಅದರೊಳಗೆ ಸಾಲಾಗಿ ಇಟ್ಟ ಹೊಗೆಸೊಪ್ಪಿನ ಜಾತಿಯ ಗಿಡಗಳು, ಅವುಗಳ ಎದುರು ಉಗುರು ಕಚ್ಚುತ್ತ ನಿಂತ ನನ್ನ ತಂಗಿಯ ಮಗಳು ಸಿಂಧು. ಅದನ್ನೇ ಬರೆಯುತ್ತೇನೆ. ಅರಮನೆ ಬೇಕಾದವರು ಬೇರೆಯವರು ಬರೆದದ್ದು ಓದಿಕೊಳ್ಳಬಹುದು.

ನಾನು ಹೋಗಬೇಕಾಗಿ ಬಂದದ್ದು ಸಿಂಧುವಿನ ಬಲಗೈಯಿಂದಾಗಿ. ಅವಳು ಅಲ್ಲಿ ಭತ್ತದ ಬೆಂಕಿ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅನ್ನ ಬೇಯಿಸಿಕೊಳ್ಳಲಾರಳು, ಜಡೆ ಹೆಣೆದುಕೊಳ್ಳಲಾರಳು. ಅವಳ ಅಮ್ಮ, ಎಂದರೆ ಶೃಂಗೇರಿಯಲ್ಲಿರುವ ನನ್ನ ತಂಗಿ ನಾಗವೇಣಿ, ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಬಸ್ಸು ನಿಲ್ಲಿಸಿ ವಾಂತಿ ಮಾಡುವವಳು. ವಿಮಾನದ ಹೆಸರೆತ್ತಿದರೆ ಮುಸುಕು ಹೊದ್ದು ಮಲಗುತ್ತಾಳೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಹಿಂದೊಮ್ಮೆ ನಮ್ಮ ಕಡೆಯ ನಾಲ್ಕಾರು ಬೆಳೆಗಾರರ ಮನೆಯವರು ಸೇರಿ ಸಿಂಗಾಪುರಕ್ಕೆ ಹೋಗುವುದೆಂದು ಹಾರಾಡಿ, ಎಲ್ಲರೂ ಪಾಸ್‌ಪೋರ್ಟ್ ಮಾಡಿಸಿ, ಕೊನೆಗೆ ಗೋಕರ್ಣಕ್ಕೆ ಹೋಗಿ ಬಂದಿದ್ದೆವು. ಬೀರುವಿನಲ್ಲಿ ಬಿದ್ದಿದ್ದ ಆ ಪಾಸ್‌ಪೋರ್ಟ್ ಈಗ ಕೆಲಸಕ್ಕೆ ಬಂತು.

ಸ್ವೆಟರ್ ಕೊಳ್ಳಲು ಕೊಪ್ಪಕ್ಕೆ ಹೋದರೆ ಸುದ್ದಿ ನನಗಿಂತ ಮೊದಲೇ ಬಸ್ ನಿಲ್ದಾಣ ತಲುಪಿತ್ತು. ಕಡಹಿನಬೈಲಿನಲ್ಲಿ ನಮ್ಮ ಪಕ್ಕದ ತೋಟದ ಸುಬ್ಬಣ್ಣ ಅಡಿಕೆ ಮಂಡಿಯಿಂದ ಬರುತ್ತಿದ್ದವನು ಅಡ್ಡ ಹಾಕಿದ.

“ಜಲಜಕ್ಕ, ನೀವು ಹೋಗ್ತಿರದು ರೋಗ ನೋಡೋ ಲ್ಯಾಬಿಗಂತೆ, ಹೌದಾ? ಹಂಗಾರೆ ನಮ್ಮ ಎಲೆಚುಕ್ಕಿ ವಿಷ್ಯನೂ ಒಂದು ಮಾತು ಕೇಳ್ಕಂಡು ಬನ್ನಿ ಮಾರಾಯ್ರೆ. ಬೇಕಾರೆ ಒಂದು ತುಂಡು ಅಡಿಕೆ ಸೋಗೆ ಕವರಿಗೆ ಹಾಕಿ ಕೊಡ್ತೀನಿ.”

“ಸೋಗೆ ತಗಂಡು ಹೋದ್ರೆ ನನ್ನನ್ನ ವಿಮಾನದಿಂದ ಕೆಳಗೆ ಇಳಿಸ್ತಾರೆ ಮಾರಾಯ. ಒಂದು ಎಲೆನೂ ತರಕೂಡದು ಅಂತ ಸಿಂಧು ಮೊದ್ಲೇ ಹೇಳಿದಾಳೆ.”

“ಸಣ್ಣ ತುಂಡು! ಸೀರೆ ಮಡಿಕೆಲಿ ಇಟ್ಕಂಡ್ರೆ ಯಾರಿಗೆ ಗೊತ್ತಾಗ್ತದೆ?”

ನಾನು ಬೈದು ಕಳಿಸಿದೆ. ಆದರೆ ಅವನದ್ದೇನೂ ತಪ್ಪಿಲ್ಲ. ಅಡಿಕೆಗೆ ಎಲೆಚುಕ್ಕಿ ಬಂದಮೇಲೆ ನಮ್ಮ ಕಡೆಯವರಿಗೆ ಯಾವ ಎಲೆ ಕಂಡರೂ ಮೊದಲು ಚುಕ್ಕಿ ಹುಡುಕುವುದೇ ಅಭ್ಯಾಸವಾಗಿದೆ. ಚುಕ್ಕಿ ಬಿದ್ದ ಸೋಗೆ ಕೊಯ್ಯುವುದು, ಸುಡುವುದು. ಹಿತ್ತಲಿನ ಬಸಳೆಯ ಮೇಲೆ ಒಂದು ಕೆಂಪು ಚುಕ್ಕಿ ಕಂಡರೂ ಸಾಕು, ನನ್ನ ಕೈ ತಾನಾಗಿ ಅದನ್ನು ಚಿವುಟಿ ಬಚ್ಚಲೊಲೆಗೆ ಹಾಕಿಬಿಡುತ್ತದೆ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ನನ್ನನ್ನು ಬೈಯುವವರಿಗೆ ಅನುಕೂಲವಾಗಲಿ ಎಂದು.

ಶೃಂಗೇರಿ

ನಾಗವೇಣಿ ಕಷಾಯದ ಪುಡಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಟ್ಟಿದ್ದಳು. ಉಪ್ಪಿನಕಾಯಿಯ ಡಬ್ಬಕ್ಕೆ ಮೂರು ಪದರ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹಳೇ ಲಂಗದ ಬಟ್ಟೆ ಸುತ್ತಿ, ಮಗುವಿನ ಹಾಗೆ ನನ್ನ ಕೈಗಿಟ್ಟಳು. ಆಮೇಲೆ ಅಡಿಗೆಮನೆ ಬಾಗಿಲಲ್ಲಿ ಕೂತು ಅಸಲು ಮಾತು ತೆಗೆದಳು.

“ಅವ್ಳು ನಿದ್ದೆನೇ ಮಾಡ್ತಿಲ್ಲ ಅಕ್ಕ. ನಾನು ಯಾವ ಹೊತ್ತಿಗೆ ಫೋನ್ ಮಾಡಿದ್ರೂ ಎದ್ದೇ ಇರ್ತಾಳೆ. ಕಣ್ಣು ಹೊಂಡ ಬಿದ್ದಿದೆ. ಕೇಳಿದ್ರೆ ಎಂತದೂ ಇಲ್ಲ ಅಂತಾಳೆ.”

ಅವಳ ಸ್ಕಾಲರ್‌ಶಿಪ್ ಮುಗಿಯುತ್ತ ಬಂದಿತ್ತು. ನಾಲ್ಕು ವರ್ಷದಿಂದ ಮಾಡುತ್ತಿದ್ದ ಪ್ರಯೋಗ ಒಂದು ಸಲವೂ ಸರಿಯಾಗಿ ಕೂತಿರಲಿಲ್ಲ. ಈಗ ಉಳಿದದ್ದು ಕೊನೆಯ ಒಂದು ಸುತ್ತು. ಅದೂ ಕೈಕೊಟ್ಟರೆ ಎಲ್ಲ ಬಿಟ್ಟು ಬರುತ್ತೇನೆ, ಬರೆಯಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ ಎಂದು ಅಮ್ಮನ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದಳಂತೆ. ಹಾಗೆ ಹೇಳಿದ ಮಾರನೆಯ ವಾರವೇ ಸೈಕಲ್ಲಿನಿಂದ ಬಿದ್ದದ್ದು.

“ಸೋತ್ರೂ ಅಡ್ಡಿಲ್ಲ, ಮನೆಗೆ ಬಾ ಅಂತ ಹೇಳು. ಆದ್ರೆ ಮೊದ್ಲು ಒಂದು ನಿದ್ದೆ ಮಾಡ್ಸು,” ಎಂದಳು ನಾಗವೇಣಿ. ಕಣ್ಣೊರೆಸಿಕೊಂಡು ಮತ್ತೊಂದು ಕಟ್ಟು ಹಪ್ಪಳ ತಂದಳು.

ಲಂಡನ್ ವಿಮಾನ ನಿಲ್ದಾಣ

ಸಾಲಿನಲ್ಲಿ ನಿಂತು ನಿಂತು ನನ್ನ ಕಾಲು ಊದಿಕೊಂಡಿತ್ತು. ಗಾಜಿನ ಹಿಂದೆ ಕೂತಿದ್ದ ಹುಡುಗ ಪಾಸ್‌ಪೋರ್ಟ್ ತಿರುಗಿಸಿ, ಯಾಕೆ ಬಂದಿರಿ ಎಂದು ಕೇಳಿದ. ಸಿಂಧು ಹೇಳಿಕೊಟ್ಟದ್ದು ಬೇರೆ ಏನೋ ಇತ್ತು. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ನನಗೆ ಬರುವ ಪಿಯುಸಿ ಇಂಗ್ಲಿಷಿನಲ್ಲಿ, “ತಂಗಿಯ ಮಗಳ ತಲೆ ಬಾಚಲಿಕ್ಕೆ,” ಎಂದುಬಿಟ್ಟೆ.

ಅವನು ನನ್ನ ಮುಖ ನೋಡಿದ. “ಅಷ್ಟಕ್ಕೇ ಇಷ್ಟು ದೂರವೇ?”

“ಕೈ ಮುರಿದಿದೆ. ಕೂದಲು ಉದ್ದ ಇದೆ,” ಎಂದೆ.

ಪುಣ್ಯಾತ್ಮ ನಕ್ಕು ಠಸ್ಸೆ ಒತ್ತಿದ. ಅಪ್ಪೆಮಿಡಿಯ ಡಬ್ಬವನ್ನು ಯಾರೂ ಬಿಚ್ಚಲಿಲ್ಲ. ಹೊರಗೆ ಬಂದು ಸಿಂಧುವನ್ನು ಕಂಡಾಗ ನನಗೆ ಬಂದ ಮೊದಲ ಯೋಚನೆ ನಾಗವೇಣಿ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ ಎಂದು. ಹುಡುಗಿ ಸೊರಗಿ ಸುಣ್ಣವಾಗಿದ್ದಳು. ಕೂದಲು ಗೂಡು ಕಟ್ಟಿತ್ತು.

ಸಿಂಧುವಿನ ಮನೆ

ಇಂಗ್ಲೆಂಡಿನ ಪೂರ್ವಕ್ಕಿರುವ ಆ ಊರಿನಲ್ಲಿ ಗುಡ್ಡ ಎನ್ನುವುದೇ ಇಲ್ಲ. ರೊಟ್ಟಿ ಲಟ್ಟಿಸಿದ ಹಾಗೆ ಚಪ್ಪಟೆ ನೆಲ, ಅದರ ತುಂಬ ಗೋಧಿ. ನಮ್ಮಲ್ಲಿ ಮನೆಯಿಂದ ಹೊರಬಿದ್ದರೆ ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ಇಲ್ಲಿ ಸುಮ್ಮನೆ ಮುಂದೆ ಹೋಗುತ್ತಲೇ ಇರುವುದು. ನನಗೆ ಮೊದಲ ವಾರ ನಡೆದ ಹಾಗೇ ಅನ್ನಿಸಲಿಲ್ಲ.

ಬಂದ ಮಾರನೆಯ ದಿನ ಸಾರಿಗೆ ಒಗ್ಗರಣೆ ಹಾಕಿದೆ. ಒಣಮೆಣಸು ಚಟಗುಟ್ಟಿದ್ದೇ ತಡ, ಮಾಡಿನಲ್ಲಿ ಯಾವುದೋ ಯಂತ್ರ ಕಿವಿ ಹರಿಯುವ ಹಾಗೆ ಕೂಗತೊಡಗಿತು. ಪಕ್ಕದ ಮನೆಗಳವರೆಲ್ಲ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ಒಬ್ಬರು ಬೆಕ್ಕನ್ನೂ ಎತ್ತಿಕೊಂಡು ಬಂದಿದ್ದರು. ನಾನು ಸೌಟು ಹಿಡಿದುಕೊಂಡೇ ಅವರ ಮಧ್ಯೆ ನಿಂತೆ. ಯಾರೂ ಬೈಯಲಿಲ್ಲ. ಬದಲಿಗೆ ಅವರೇ ನನ್ನ ಹತ್ತಿರ ಸಾರಿ ಕೇಳಿದರು. ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಸಿಂಧು ಬಂದು ಯಂತ್ರದ ಬಾಯಿ ಮುಚ್ಚಿಸಿದಳು. ಮೆಟ್ಟಿಲ ಮೇಲೆ ಕೂತು ನಗಲಿಕ್ಕೆ ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು.

“ನನ್ನ ಸಮಸ್ಯೆನೂ ಇದೇ ದೊಡ್ಡಮ್ಮ,” ಎಂದಳು.

“ಎಂತ, ಒಗ್ಗರಣೆನಾ?”

“ಬೆಂಕಿಗೆ ಕೂಗಬೇಕಾದ್ದು ಒಗ್ಗರಣೆಗೂ ಕೂಗಿದ್ರೆ ಎಂತ ಮಾಡದು?”

ಅನ್ನ ಕಲಸಿ ಅವಳಿಗೆ ಚಮಚ ಕೊಟ್ಟು, ಈಗ ನನಗೆ ತಿಳಿಯುವ ಹಾಗೆ ಹೇಳು ಎಂದೆ. ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಗಿಡಕ್ಕೆ ನಮ್ಮ ಹಾಗೆ ರಕ್ತ ಓಡಾಡುವುದಿಲ್ಲ. ರೋಗ ಬಂದಲ್ಲಿಗೆ ಓಡಿಹೋಗಿ ಹೊಡೆಯುವ ಜೀವಕೋಶಗಳಿಲ್ಲ. ಒಂದೊಂದು ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಬೆಂಕಿ ರೋಗದ ಬೂಷ್ಟು ಭತ್ತದ ಎಲೆಯ ಮೇಲೆ ಕೂತು, ಕೊರೆದು ಒಳಗೆ ಹೊಕ್ಕು, ಜೀವಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ಬಿಡುತ್ತದೆ. ಗಿಡ ಎಚ್ಚರವಾಗದ ಹಾಗೆ ನೋಡಿಕೊಳ್ಳುವುದೇ ಅವುಗಳ ಕೆಲಸ. ಆದರೆ ಒಳಗೂ ಒಂದು ಪ್ರೋಟೀನು ಕಾವಲಿಗೆ ಕೂತಿರುತ್ತದೆ. ಕಳ್ಳನ ಪ್ರೋಟೀನು ಇದಕ್ಕೆ ತಾಗಿ ಆಕಾರ ಗುರುತು ಸಿಕ್ಕಿತೋ, ಆ ಜೀವಕೋಶ ತನ್ನನ್ನೇ ಕೊಂದುಕೊಳ್ಳುತ್ತದೆ. ಬೂಷ್ಟು ಮುಂದೆ ಹೋಗಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಎಲೆ ಉಳಿಯುತ್ತದೆ.

“ಕಳ್ಳ ಬಂದು ಇದಕ್ಕೇ ಯಾಕೆ ತಾಗ್ಬೇಕು? ಬೇರೆ ದಾರಿಲಿ ಹೋಗಬಾರದಾ?” ಎಂದು ಕೇಳಿದೆ.

ಅವಳ ಮುಖ ಸ್ವಲ್ಪ ಬೆಳಗಿತು. “ಅಲ್ಲೇ ಇರದು ಉಪಾಯ. ಆ ಕಳ್ಳನಿಗೆ ಭತ್ತದೊಳಗಿನ ಒಂದು ವಸ್ತು ಬೇಕು. ಕಾವಲಿನವನು ಅದರದ್ದೇ ನಕಲು ಮಾಡಿ ತನ್ನ ಮೈಮೇಲೆ ಕಟ್ಕಂಡಿದಾನೆ. ಕಳ್ಳ ಅಸಲಿ ಅಂತ ಅದಕ್ಕೆ ಕೈ ಹಾಕ್ತಾನೆ.”

“ಇಲಿ ಬೋನಿಗೆ ಕೊಬ್ಬರಿ ಸಿಕ್ಸಿದ ಹಂಗೆ ಅನ್ನು.”

“ಹಂಗೇ. ಆದ್ರೆ ಈ ಇಲಿ ಬುದ್ಧಿವಂತ. ಆಕಾರ ಒಂಚೂರು ಬದಲಾಯಿಸ್ಕಂಡು ಬಂದಿದೆ, ಆ ಕೊಬ್ಬರಿನ ಮೂಸಿನೂ ನೋಡದಿಲ್ಲ. ನಾನು ಕೊಬ್ಬರಿ ಬದಲಾಯಿಸ್ದೆ. ಬದಲಾಯಿಸಿದ್ರೆ ಬೋನು ಇಲಿನೇ ಇಲ್ದೆ ತಾನಾಗೇ ಬೀಳ್ತದೆ. ಕಳ್ಳ ಇಲ್ದೇ ಇದ್ರೂ ಜೀವಕೋಶ ಸಾಯ್ತದೆ. ಅಂಥ ಗಿಡ ಯಾರಿಗೆ ಬೇಕು ದೊಡ್ಡಮ್ಮ?”

ಕೊನೆಯ ಸುತ್ತಿಗೆ ಅವಳು ಮತ್ತೊಂದು ಥರದ ಬೋನು ಮಾಡಿಟ್ಟಿದ್ದಳು. ಅದು ಕೂಗಬೇಕಾದಲ್ಲಿ ಮಾತ್ರ ಕೂಗುತ್ತದೋ ಇಲ್ಲವೋ ನೋಡಬೇಕಿತ್ತು. ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿತ್ತು.

ಗಾಜಿನಮನೆ

ಗಾಜಿನಮನೆಯ ಉಸ್ತುವಾರಿ ಮಾರ್ಗರೆಟ್ ಎನ್ನುವವಳದು. ನನ್ನ ವಯಸ್ಸಿನವಳೇ. ನನಗೆ ಬಿಳಿ ಕೋಟು ತೊಡಿಸಿ, ಕಾಲಿಗೆ ನೀಲಿ ಚೀಲ ಸಿಕ್ಕಿಸಿ, ಸೀರೆಯ ಅಂಚನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೆ ನಮ್ಮ ಹತ್ತಿರ ನಿಯಮ ಇಲ್ಲ ಎಂದಳು. ಸಿಂಧು ಕಿವಿಯಲ್ಲಿ, “ಎಂತದನ್ನೂ ಮುಟ್ಟಬೇಡ ಮಾರಾಯ್ತಿ,” ಎಂದಳು.

ಅವಳ ಕೈಗೆ ಬದಲಾಗಿ ಕೆಲಸ ಮಾಡುವವನು ಜೊತೆಯ ವಿದ್ಯಾರ್ಥಿ ಪಾವೆಲ್, ಪೋಲೆಂಡಿನವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವನ ಬೆರಳು ನೋಡಿದರೆ ಕಾಯಿ ಸುಲಿಯಲಿಕ್ಕೆ ಸರಿ ಅನ್ನಿಸುತ್ತದೆ, ಆದರೆ ಎಲೆ ಹಿಡಿದರೆ ಬೆಣ್ಣೆ ಹಿಡಿದ ಹಾಗೆ ಹಿಡಿಯುತ್ತಾನೆ.

“ಭತ್ತದ ರೋಗಕ್ಕೆ ಹೊಗೆಸೊಪ್ಪಿನ ಗಿಡ ಎಂತಕ್ಕೆ?” ಎಂದು ಕೇಳಿದೆ. ಭತ್ತದ ಎಲೆ ಸಪೂರ ಎಂದಳು ಸಿಂಧು. ಇದರದ್ದು ಅಗಲ, ಮೆತ್ತಗೆ. ಸೂಜಿಯಿಲ್ಲದ ಸಿರಿಂಜನ್ನು ಎಲೆಯ ಅಡಿಗೆ ಒತ್ತಿದರೆ ದ್ರವ ಒಳಗೆ ಹರಡಿಕೊಳ್ಳುತ್ತದೆ. ಆ ದ್ರವದಲ್ಲಿರುವ ಒಂದು ಬ್ಯಾಕ್ಟೀರಿಯ ಕಾವಲಿನವನನ್ನೂ ಕಳ್ಳನನ್ನೂ ತಯಾರು ಮಾಡುವ ವಂಶವಾಹಿಗಳನ್ನು ಜೀವಕೋಶದೊಳಕ್ಕೆ ಸಾಗಿಸುತ್ತದೆ. ಬೂಷ್ಟನ್ನೇ ತರುವ ಗೋಜಿಲ್ಲ.

ಪಾವೆಲ್ ಪ್ರತಿ ಎಲೆಯ ಅಡಿಯಲ್ಲಿ ಮೂರು ಕಡೆ ಒತ್ತಿ, ಸುತ್ತ ಪೆನ್ನಿನಲ್ಲಿ ವೃತ್ತ ಬರೆದು ನಂಬರು ಹಾಕಿದ. ಒಂದನೆಯದು ಹಳೇ ಕಾವಲು, ಆಕಾರ ಬದಲಾಯಿಸಿಕೊಂಡ ಹೊಸ ಕಳ್ಳ. ಅಲ್ಲಿ ಏನೂ ಆಗದು ಎನ್ನುವುದು ಗೊತ್ತೇ ಇತ್ತು. ಎರಡನೆಯದು ಸಿಂಧು ಮಾಡಿದ ಕಾವಲು ಮಾತ್ರ, ಕಳ್ಳನೇ ಇಲ್ಲ. ಮೂರನೆಯದರಲ್ಲಿ ಅವಳ ಕಾವಲು, ಹೊಸ ಕಳ್ಳ, ಇಬ್ಬರೂ.

“ಮೂರನೇದು ಮಾತ್ರ ಸಾಯ್ಬೇಕು,” ಎಂದಳು ಸಿಂಧು. “ಎರಡನೇದೂ ಸತ್ರೆ ಹಳೇ ಕಥೆಯೇ. ಯಾವ್ದೂ ಸಾಯ್ದೇ ಇದ್ರೂ ಮುಗೀತು.”

ನಾನು ತಲೆಯಾಡಿಸಿದೆ. ಅರ್ಥವಾಗಿತ್ತು. ಆದರೆ ಜೀವಕೋಶ ಸಾಯುವುದೆಂದರೆ ಅದು ಯಂತ್ರದೊಳಗೆ ಇಣುಕಿ ನೋಡುವ ಸಂಗತಿ ಎಂದುಕೊಂಡೆ.

ಕಾಯುವ ದಿನಗಳು

ಆಮೇಲೆ ಕಾಯುವ ಕೆಲಸ. ಬೆಳಿಗ್ಗೆ ಎದ್ದು ಅವಳ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆಯುತ್ತಿದ್ದೆ. ಎಣ್ಣೆ ಹಾಕಿದರೆ ನಿದ್ದೆ ಬರುತ್ತದೆ ಎನ್ನುವ ನನ್ನ ನಂಬಿಕೆ ಅಲ್ಲಿ ಕೈಕೊಟ್ಟಿತು. ಹಾಲಿಗೆ ಜಾಯಿಕಾಯಿ ತೇಯ್ದು ಕೊಟ್ಟೆ. ಅದನ್ನು ಕುಡಿದು ಇನ್ನೂ ಚುರುಕಾಗಿ ಕಂಪ್ಯೂಟರಿನ ಮುಂದೆ ಕೂತಳು. “ಸೋತ್ರೂ ಅಡ್ಡಿಲ್ಲ, ಬಾ ಅಂತ ನಿನ್ನಮ್ಮ ಹೇಳಿದಾಳೆ,” ಎಂದೆ ಒಂದು ದಿನ. ಅವಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಬಾಗಿಲ ಹೊರಗೆ ನಿಂತು ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಹಗಲು ಹೊತ್ತು ನಾನೊಬ್ಬಳೇ ತಿರುಗುತ್ತಿದ್ದೆ. ಆ ಊರಿನವರ ಒಂದು ಅಭ್ಯಾಸ ನನಗೆ ಬಹಳ ಆಶ್ಚರ್ಯ ತಂದಿತು. ನಮ್ಮ ನರಸಿಂಹರಾಜಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾವ ಊರು, ಯಾರ ಮನೆ, ಎಷ್ಟು ಎಕರೆ, ಮಗಳಿಗೆ ಮದುವೆ ಆಯ್ತಾ ಎಂದು ಬಾಳೆಹೊನ್ನೂರು ಬರುವಷ್ಟರಲ್ಲಿ ಜಾತಕವನ್ನೇ ಬರೆದುಕೊಳ್ಳುತ್ತಾರೆ. ಇಲ್ಲಿ ದಿನಾ ಒಂದೇ ಬೆಂಚಿನಲ್ಲಿ ನನ್ನ ಜೊತೆ ಕೂರುತ್ತಿದ್ದ ಮುದುಕರೊಬ್ಬರು ನನ್ನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ. ಹವೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮಾತ್ರ ತಪ್ಪದೆ ಕೇಳುತ್ತಿದ್ದರು. ಸಣ್ಣಗೆ ಹನಿಯುತ್ತಿದ್ದಾಗ, ಇವತ್ತು ಕೆಟ್ಟ ಮಳೆ ಎಂದರು. ನಾನು ಇದನ್ನು ನಮ್ಮಲ್ಲಿ ಮಳೆ ಅನ್ನುವುದಿಲ್ಲ ಎಂದೆ. ಅವರಿಗೆ ಬೇಜಾರಾಯಿತೆಂದು ಕಾಣುತ್ತದೆ, ಸ್ವಲ್ಪ ಹೊತ್ತು ತಮ್ಮ ನಾಯಿಯ ಜೊತೆ ಮಾತಾಡಿದರು.

ಚಿವುಟಿದ ದಿನ

ಪಾವೆಲ್ ಹೇಳಿದ ಲೆಕ್ಕದಲ್ಲಿ ಫಲಿತಾಂಶಕ್ಕೆ ಇನ್ನೂ ಸಮಯವಿತ್ತು. ಸಿಂಧುವಿನ ಕೈಯ ಪಟ್ಟಿ ನೋಡಿಸಲು ಆಸ್ಪತ್ರೆಗೆ ಹೊರಟಿದ್ದೆವು. ದಾರಿಯಲ್ಲಿ ಗಿಡಕ್ಕೆ ಒಮ್ಮೆ ಮುಖ ತೋರಿಸಿ ಹೋಗೋಣ ಎಂದಳು. ಒಳಗೆ ಬಂದ ಕೂಡಲೇ, ಇನ್ನೂ ಗಿಡದ ಹತ್ತಿರ ಹೋಗುವ ಮೊದಲೇ, ಅವಳ ಪ್ರೊಫೆಸರಮ್ಮ ಹೇಳಿಕಳಿಸಿದರು. ಮಾರ್ಗರೆಟ್ ಆಚೆ ಕಡೆ ಗುಡಿಸುತ್ತಿದ್ದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಸಿಂಧು ಮೇಲೆ ಹೋದಳು.

ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಎದ್ದು ಸಾಲಿನ ತುದಿಯವರೆಗೆ ನಡೆದೆ. ತುದಿಯ ಗಿಡಗಳ ಎಲೆಯ ಮೇಲೆ ಚುಕ್ಕಿ. ಕಂದು ಬಣ್ಣ, ಕಾಗದದ ಹಾಗೆ ಒಣಗಿದ್ದು. ವೃತ್ತಗಳೆಲ್ಲ ಎಲೆಯ ಅಡಿಯಲ್ಲಿ, ಮೇಲಿನಿಂದ ನೋಡುವವಳಿಗೆ ಕಂಡದ್ದು ಬರೀ ರೋಗ. ‘ಅಯ್ಯೋ ದೇವರೇ, ಇಲ್ಲಿಗೂ ಬಂತಾ’ ಎಂದುಕೊಂಡೆ. ಪಕ್ಕದ ಗಿಡಗಳು ಇನ್ನೂ ಹಸಿರಾಗಿದ್ದವು. ಹರಡಿದರೆ ಹುಡುಗಿಯ ಗತಿಯೇನು! ಮುಂದಿನದ್ದು ಮನಸ್ಸು ಮಾಡಿದ್ದಲ್ಲ, ಬಲಗೈಯ ಹೆಬ್ಬೆರಳು ಮಾಡಿದ್ದು. ಚುಕ್ಕಿ ಬಿದ್ದ ಎಲೆಗಳನ್ನು ಒಂದೊಂದಾಗಿ ಚಿವುಟಿದೆ. ಒಲೆ ಎಲ್ಲಿ ಎಂದು ನೋಡಿದೆ. ಕಸಕ್ಕಿಟ್ಟ ಹಳದಿ ಚೀಲ ಕಂಡಿತು, ಅದಕ್ಕೆ ಹಾಕಿದೆ. ಮಾರ್ಗರೆಟ್ ಬಂದು ಚೀಲದ ಬಾಯಿ ಕಟ್ಟಿ ಎತ್ತಿಕೊಂಡು ಹೋದಳು. ಇಷ್ಟು ದಿನಕ್ಕೆ ಒಂದು ಉಪಯೋಗದ ಕೆಲಸ ಮಾಡಿದೆ ಎಂದು ನನಗೆ ಸಂತೋಷವೇ ಆಯಿತು.

ಸಿಂಧು ಪಾವೆಲ್ಲನ ಜೊತೆ ಬಂದಳು. ಬಂದವಳು ತುದಿಯ ಗಿಡಗಳ ಬರೀ ತೊಟ್ಟು ನೋಡಿದಳು.

“ದೊಡ್ಡಮ್ಮ, ಎಲೆ ಎಲ್ಲಿ?”

“ಚುಕ್ಕಿ ಬಿದ್ದಿತ್ತು ಕಣೇ. ಹರಡಕ್ಕೆ ಮುಂಚೆ ಚಿವುಟಿ ಹಾಕ್ದೆ.”

ಅವಳು ಕಿರುಚುತ್ತಾಳೆ ಎಂದುಕೊಂಡೆ. ಕಿರುಚಲಿಲ್ಲ. ಒಳ್ಳೆಯ ಕೈಯಿಂದ ನನ್ನ ತೋಳು ಹಿಡಿದಳು. 

“ಚುಕ್ಕಿ ಬಿದ್ದಿತ್ತಾ? ನೀನೇ ನೋಡಿದ್ಯಾ? ಒಂದು ಎಲೆಗೆ ಎಷ್ಟು ಚುಕ್ಕಿ ದೊಡ್ಡಮ್ಮ, ಒಂದಾ ಎರಡಾ?”

ಆಗ ತಲೆಗೆ ಹೊಳೆಯಿತು. ನಾನು ರೋಗ ಎಂದು ಚಿವುಟಿ ಎಸೆದದ್ದೇ ಆ ನಾಲ್ಕು ವರ್ಷದ ಉತ್ತರ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಚುಕ್ಕಿ ಕಂಡದ್ದು ನೆನಪಿತ್ತು, ಕೈ ಓಡಿದ್ದು ನೆನಪಿತ್ತು. ಒಂದೋ ಎರಡೋ, ದೇವರಾಣೆಗೂ ನೆನಪಿರಲಿಲ್ಲ.

“ಗೊತ್ತಿಲ್ಲ ಸಿಂಧು,” ಎಂದೆ. “ಎಣಿಸ್ಲಿಲ್ಲ ನಾನು.”

ಕುಕ್ಕರಿನ ಕೋಣೆ

ಅಲ್ಲಿಯ ಗಿಡದ ಕಸವನ್ನು ಹಾಗೇ ಹೊರಗೆ ಎಸೆಯುವಂತಿಲ್ಲ. ಬೀರುವಿನಷ್ಟು ದೊಡ್ಡ ಕುಕ್ಕರಿನಲ್ಲಿ ಹಬೆಯಲ್ಲಿ ಬೇಯಿಸಿ, ಒಂದು ಜೀವಾಣುವೂ ಉಳಿಯದ ಹಾಗೆ ಮಾಡಿ ಆಮೇಲೆ ಎಸೆಯುತ್ತಾರೆ. ಬೆಂದ ಎಲೆಯಲ್ಲಿ ಯಾವ ಚುಕ್ಕಿ ಹುಡುಕುವುದು? ಪಾವೆಲ್ ಓಡಿದ. ಸಿಂಧು ಅವನ ಹಿಂದೆ ಓಡಿದಳು. ನಾನು ಸೀರೆ ಎತ್ತಿ ಹಿಡಿದು, ಕಾಲಿನ ನೀಲಿ ಚೀಲ ಜಾರಿಸುತ್ತ, ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊರುತ್ತ ಓಡಿದೆ.

ಕೋಣೆಗೆ ಬೀಗ ಹಾಕಿತ್ತು. ಗಾಜಿನಲ್ಲಿ ಇಣುಕಿದರೆ ಕುಕ್ಕರಿನ ಬಾಗಿಲು ಮುಚ್ಚಿತ್ತು. ಪಾವೆಲ್ ಮಾರ್ಗರೆಟ್‌ಳನ್ನು ಹುಡುಕಿಕೊಂಡು ಹೋದ. ನಾನೂ ಸಿಂಧುವೂ ಗೋಡೆಗೆ ಒರಗಿ ನಿಂತೆವು. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಾರ್ಗರೆಟ್ ಬಂದಳು, ಕೈಯಲ್ಲಿ ಇನ್ನೂ ಚಹಾದ ಲೋಟ. ಎಲ್ಲ ಕೇಳಿ ತಿಳಿದುಕೊಂಡು ನಿಧಾನವಾಗಿ ಬೀಗ ತೆಗೆದಳು. ಚೀಲ ಒಳಗಿಟ್ಟಾಗಿತ್ತು, ಬಾಗಿಲು ಹಾಕಿಯಾಗಿತ್ತು, ಅಷ್ಟರಲ್ಲಿ ಚಹಾದ ಹೊತ್ತಾಯಿತು, ಹಾಗಾಗಿ ಬಟನ್ ಒತ್ತಲಿಲ್ಲ ಎಂದಳು. ಚಹಾದ ಹೊತ್ತಿನಲ್ಲಿ ಯಾರಾದರೂ ಬಟನ್ ಒತ್ತುತ್ತಾರೆಯೇ ಎನ್ನುವ ಧಾಟಿ. ನಮ್ಮ ಮನೆಯಲ್ಲಾಗಿದ್ದರೆ ಇದೊಂದು ಮುಗಿಸಿಯೇ ಕುಡಿಯುತ್ತೇನೆ ಎಂದು ಚಹಾ ತಣ್ಣಗಾಗಿಸಿಕೊಳ್ಳುವವರೇ ಎಲ್ಲ. ನಾನು ಅವಳ ಎರಡೂ ಕೈ ಹಿಡಿದುಕೊಂಡೆ, ಲೋಟ ಸಮೇತ.

ಪಾವೆಲ್ ಚೀಲವನ್ನು ಸ್ಟೀಲ್ ತಟ್ಟೆಗೆ ಸುರಿದ. ಮಣ್ಣು, ಹರಿದ ಕೈಗವಸು, ಒದ್ದೆ ಕಾಗದ. ಅದರ ಮಧ್ಯದಿಂದ ಒಂದು ಎಲೆ ಎತ್ತಿ ಅಡಿಮೇಲು ಮಾಡಿ ಹಿಡಿದ. ಒಂದನೇ ವೃತ್ತ ಹಸಿರು. ಎರಡನೆಯದರ ಮೇಲೆ ಮಣ್ಣು ಮೆತ್ತಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಹಸಿರು. ಮೂರನೆಯದು ಸತ್ತು ಕಂದಾಗಿತ್ತು.

ಎರಡನೇ ಎಲೆ ಮುದುಡಿತ್ತು. ಅದರಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ.

ಪಾವೆಲ್ ಅವನ ಭಾಷೆಯಲ್ಲಿ ಏನೋ ಕೂಗಿದ. ಸಿಂಧು ಗೋಡೆಗೆ ಬೆನ್ನು ಕೊಟ್ಟು ಜಾರಿ ನೆಲದ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿ ಕೂತೆ.

“ಒಂದೇ ಕಣೇ,” ಎಂದೆ. “ಒಂದೊಂದೇ ಚುಕ್ಕಿ!”

“ಇನ್ನೂ ನಂಬಕಾಗಲ್ಲ ದೊಡ್ಡಮ್ಮ. ಉಳಿದ ಗಿಡದಲ್ಲೂ ಹಿಂಗೇ ಬರ್ಬೇಕು,” ಎಂದಳು. ಹೇಳುತ್ತ ಹೇಳುತ್ತಲೇ ಅಳುತ್ತಿದ್ದಳು.

ಪ್ರೊಫೆಸರಮ್ಮನಿಗೆ ವಿಷಯ ತಿಳಿಯಿತು. ತೆಳ್ಳಗಿನ, ಕಟ್ಟುನಿಟ್ಟಿನ ಹೆಂಗಸು. ಚಿವುಟಿ ಚೀಲಕ್ಕೆ ಹಾಕಿದ ಎಲೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಳಿದ ಗಿಡಗಳೇ ಮಾತಾಡಬೇಕು ಎಂದರು. ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನೀವು ಇನ್ನು ಗಾಜಿನಮನೆಯ ಒಳಗೆ ಬರಬಾರದು ಎಂದರು. ಅವರಿಗಿಂತ ಹೆಚ್ಚು ಸಮಾಧಾನವಾದದ್ದು ನನಗೆ.

ನೇರಳೆ ಬೆಳಕು

ಉಳಿದ ಗಿಡಗಳ ಎಲೆಗಳನ್ನು ಸಮಯಕ್ಕೆ ಸರಿಯಾಗಿ ಪಾವೆಲ್ಲನೇ ಕೊಯ್ದು ಕ್ಯಾಮೆರಾದ ಕೋಣೆಗೆ ತಂದ. ನನಗೆ ಆ ಕೋಣೆಯ ಬಾಗಿಲವರೆಗೆ ಅನುಮತಿ ಸಿಕ್ಕಿತು. ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು ಎಂದು ಸಿಂಧು ಹೇಳಿದ್ದಳು. ನಾನು ಶಾಲೆಯ ಹುಡುಗಿಯ ಹಾಗೆ ನಿಂತೆ.

ದೀಪ ಆರಿಸಿ ನೇರಳೆ ಬಣ್ಣದ ಬೆಳಕು ಬಿಟ್ಟರು. ಎಲೆ ಕಪ್ಪಗೆ ಕಂಡಿತು. ಅದರಲ್ಲಿ ಮೂರನೇ ವೃತ್ತ ಮಾತ್ರ ತಿಳಿನೀಲಿಯಾಗಿ ಹೊಳೆಯಿತು. ಸತ್ತ ಜೀವಕೋಶಗಳು ಆ ಬೆಳಕಿನಲ್ಲಿ ಹಾಗೆ ಹೊಳೆಯುತ್ತವಂತೆ. ಒಂದಾದ ಮೇಲೊಂದು ಎಲೆ ಬಂತು, ಹೋಯಿತು. ಎರಡನೇ ವೃತ್ತ ಒಂದರಲ್ಲೂ ಹೊಳೆಯಲಿಲ್ಲ. ಚುಕ್ಕಿ ಕಂಡರೆ ಎದೆ ಧಸಕ್ಕೆನ್ನುವ ನಾನು ಅಲ್ಲಿ ನಿಂತು, ‘ಬೀಳಲಿ, ಇನ್ನೂ ಒಂದು ಬೀಳಲಿ’ ಎಂದು ಬಾಯಲ್ಲೇ ಅನ್ನುತ್ತಿದ್ದೆ. ಕೊನೆಯ ಎಲೆ ಮುಗಿದಾಗ ಪ್ರೊಫೆಸರಮ್ಮ ಸಿಂಧುವಿನ ಭುಜ ತಟ್ಟಿ, ಇನ್ನು ಬರೆಯಲಿಕ್ಕೆ ಕೂರು ಎಂದರು.

ಹೊರಗೆ ಬಂದು ಕೇಳಿದೆ, “ಹಂಗಾರೆ ನಮ್ಮ ಗದ್ದೆಗೆ ಯಾವಾಗ ಬರ್ತದೆ ಇದು?”

“ಇದು ಹೊಗೆಸೊಪ್ಪಿನ ಎಲೇಲಿ ಆಗಿದ್ದು ದೊಡ್ಡಮ್ಮ. ಭತ್ತದ ಗಿಡದಲ್ಲಿ ಮಾಡಿ ನೋಡ್ಬೇಕು, ಆಮೇಲೆ ಗದ್ದೆ. ವರ್ಷಗಟ್ಟಲೆ ಆಗ್ತದೆ. ಅಷ್ಟ್ರಲ್ಲಿ ಕಳ್ಳ ಮತ್ತೆ ವೇಷ ಬದಲಾಯಿಸಿರಬಹುದು.”

“ಸುಬ್ಬಣ್ಣಂಗೆ ಎಂತ ಹೇಳ್ಲಿ? ಅಡಿಕೆದು ಕೇಳಿದಾನೆ.”

“ಅದು ಬೇರೆ ಬೂಷ್ಟು. ಅಡಿಕೆಲಿ ಕಾವಲು ಯಾರು ಅಂತ ಮೊದ್ಲು ಹುಡುಕ್ಬೇಕು. ಯಾರಾದ್ರೂ ಕೂತು ಹುಡುಕ್ಬೇಕು.” ನಾಲ್ಕು ಹೆಜ್ಜೆ ನಡೆದು, “ಹುಡುಕಬಹುದು,” ಎಂದಳು. ಅವಳ ಬಾಯಲ್ಲಿ ಮುಂದಿನ ವರ್ಷದ ಮಾತು ನಾನು ಕೇಳಿದ್ದು ಅದೇ ಮೊದಲು.

ಬಸ್ಸಿನ ಕೊನೆಯ ನಿಲ್ದಾಣ

ಮನೆಗೆ ಹೋಗಲು ಮಧ್ಯಾಹ್ನದ ಬಸ್ಸು ಹತ್ತಿದೆವು. ಮಹಡಿಯ ಬಸ್ಸು, ಮೇಲಿನ ಮುಂದಿನ ಸೀಟು. ಬಿಸಿಲಿತ್ತು. ಅಮ್ಮನಿಗೆ ಫೋನ್ ಮಾಡು ಎಂದೆ. ಮನೆಗೆ ಹೋಗಿ ಮಾಡುತ್ತೇನೆ, ಈಗ ಮಾತಾಡಿದರೆ ಬಸ್ಸಿನಲ್ಲೇ ಅತ್ತುಬಿಡುತ್ತೇನೆ ಎಂದಳು. ಎರಡು ತಿರುವು ಕಳೆಯುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ಬಿತ್ತು. ಬಾಯಿ ತೆರೆದುಕೊಂಡಿತ್ತು. ಸಣ್ಣ ಗೊರಕೆ ಬರುತ್ತಿತ್ತು.

ನಮ್ಮ ನಿಲ್ದಾಣ ಬಂತು. ನಾನು ಕೂತೇ ಇದ್ದೆ. ಬಸ್ಸು ಮುಂದೆ ಹೋಯಿತು. ನಾನು ಕಾಣದ ಬೀದಿಗಳು, ಕಾಣದ ಅಂಗಡಿಗಳು, ಆಮೇಲೆ ಗೋಧಿ ಗದ್ದೆಗಳು. ಎಲ್ಲಿಗೆ ಹೋಗುತ್ತಿದೆ ಎನ್ನುವುದು ನನಗೆ ಗೊತ್ತಿರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಭುಜ ಜೋಮು ಹಿಡಿಯಿತು.

ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಚಾಲಕ ಮೆಟ್ಟಿಲು ಹತ್ತಿ ಬಂದು, ಇಳಿಯಬೇಕು ಎಂದ. ನಾನು ತುಟಿಯ ಮೇಲೆ ಬೆರಳಿಟ್ಟು ಸಿಂಧುವನ್ನು ತೋರಿಸಿದೆ. ಅವನು ಅವಳನ್ನು ನೋಡಿದ, ಕೈಯ ಪಟ್ಟಿ ನೋಡಿದ. ಇದೇ ಬಸ್ಸು ವಾಪಸು ಹೋಗುತ್ತದೆ, ಕೂತಿರಿ ಎಂದು ಮೆಲ್ಲಗೆ ಹೇಳಿ, ಶಬ್ದವಾಗದ ಹಾಗೆ ಕಾಲಿಡುತ್ತ ಕೆಳಗೆ ಇಳಿದ.

ಆಗ ನನ್ನ ಫೋನು ಗುಂಯ್ಗುಟ್ಟಿತು. ನಾಗವೇಣಿ, ವೀಡಿಯೊ ಕಾಲ್.

“ಎಂತ ಆಯ್ತೇ ಅಕ್ಕ? ಎಂತ ಬಂತು? ಅವ್ಳು ಯಾಕೆ ಫೋನ್ ಎತ್ತುತಿಲ್ಲ? ಹೇಳೇ ಮಾರಾಯ್ತಿ!”

ನಾನು ಫೋನನ್ನು ಮೆಲ್ಲಗೆ ನನ್ನ ಭುಜದ ಕಡೆ ತಿರುಗಿಸಿ ಹಿಡಿದೆ.

ಆ ಕಡೆ ನಾಗವೇಣಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಎಬ್ಬಿಸ್ಬೇಡ ಅಕ್ಕ,” ಎಂದು ಪಿಸುಗುಟ್ಟಿದಳು.

ಬಸ್ಸು ಮತ್ತೆ ಹೊರಟಿತು. ನಮ್ಮ ನಿಲ್ದಾಣವನ್ನು ನಾವು ಇನ್ನೊಂದು ಸಲ ದಾಟಿದೆವು.